ಮಹಾರಾಣಿಯ ಮದುವೆಯ ಮುಸುಕು

ನಮ್ಮ ಮದುವೆಗಳಲ್ಲಿ ವಧೂವರರ ನಡುವೆ ಅಂತಃಪಟವನ್ನು ಹಿಡಿಯುವುದು ಕೆಲವೇ ಗಳಿಗೆ. ಮುಹೂರ್ತ ಒದಗಿದೊಡನೆ ಅದು ಸರಿದುಹೋಗುತ್ತದೆ, ನೆಯ್ದವರಾರೆಂದು ಕೇಳುವವರಿಲ್ಲ. ಪಾಶ್ಚಾತ್ಯ ವಧುವಿನ ಮುಸುಕಿನ ಸಂಗತಿ ಬೇರೆ. ಕೈಯಿಂದ ಹೆಣೆದ ಲೇಸಿನ ಮುಸುಕೆಂದರೆ ತಾಯಿಯಿಂದ ಮಗಳಿಗೆ ಇಳಿದುಬರುವ ಆಸ್ತಿ. ಅಂಥವುಗಳಲ್ಲಿ ಬಹಳ ಹೆಸರಾದದ್ದು ವಿಕ್ಟೋರಿಯಾ ರಾಣಿ 1840ರ ಫೆಬ್ರುವರಿ 10ರಂದು ತನ್ನ ವಿವಾಹದಲ್ಲಿ ಧರಿಸಿದ ಮುಸುಕು. ಅದರ ಕಥೆ ಮೊದಲಾಗುವುದು ಇಂಗ್ಲೆಂಡಿನ ನೈಋತ್ಯದ ಡೆವನ್ ಪ್ರಾಂತದಲ್ಲಿ, ಕಡಲ ದಂಡೆಯ ಬೀರ್ ಎಂಬ ಬೆಸ್ತರ ಹಳ್ಳಿಯಲ್ಲಿ.

ಗಂಡಸರು ದೋಣಿಯೇರಿ ಹೋದರೆ ಹೆಂಗಸರು ದಿಂಬಿನ ಮುಂದೆ ಕೂಡುತ್ತಿದ್ದರು. ಈ ದಿಂಬು ತಲೆಗಿಡುವ ದಿಂಬಲ್ಲ. ಹುಲ್ಲನ್ನು ಗಟ್ಟಿಯಾಗಿ ತುಂಬಿ ಕಲ್ಲಿನಂತೆ ಬಿಗಿದದ್ದು. ಅದರ ಮೇಲೆ ನಕ್ಷೆಯ ಪ್ರಕಾರ ತೂತುಗಳನ್ನು ಚುಚ್ಚಿದ ಹಾಳೆ. ತೂತುತೂತಿಗೂ ಒಂದೊಂದು ಗುಂಡುಸೂಜಿ. ಸುತ್ತಲೂ ನೂಲು ಸುತ್ತಿದ, ತುದಿ ಚೂಪಾದ ಸಪೂರ ಮರದ ಕಡ್ಡಿಗಳು. ಎಳೆಯ ಮೇಲೆ ಎಳೆಯನ್ನು ಹಾಯಿಸುವುದು, ಎಳೆಗೆ ಎಳೆಯನ್ನು ಹೊಸೆಯುವುದು, ಇವೆರಡೇ ಚಲನೆಗಳಿಂದ ಗುಲಾಬಿಯೂ ಬಳ್ಳಿಯೂ ಎಲೆಯ ನರವೂ ಮೂಡಬೇಕು. ಹಾನಿಟನ್ ಲೇಸಿನ ವಿಶೇಷವೆಂದರೆ ಅದನ್ನು ಹೆಣೆಯುವುದು ಮಗುಚಿಟ್ಟು. ಕೆಲಸ ನಡೆಯುವಾಗ ಮೇಲೆ ಕಾಣುವುದು ಹೂವಿನ ಬೆನ್ನು. ಸೂಜಿಗಳನ್ನು ಕಿತ್ತು ತಿರುಗಿಸಿದ ಮೇಲಷ್ಟೇ ತಾನು ಹೆಣೆದ ಹೂವಿನ ಮುಖವನ್ನು ಅವಳು ಕಾಣುವಳು! ಇರುಳಾದರೆ ಒಂದೇ ಮೇಣದಬತ್ತಿ. ಅದರ ಮುಂದೆ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳ ಮೂಲಕ ಹಾಯ್ದು ಒಂದೆಡೆ ಕೂಡಿದ ಬೆಳಕಿನಲ್ಲಿ ಹಲವರು ದುಡಿಯುತ್ತಿದ್ದರು. ಐದಾರು ವರ್ಷದ ಹುಡುಗಿಯರೂ ಲೇಸು ಶಾಲೆಗಳಲ್ಲಿ ಕಡ್ಡಿ ಹಿಡಿಯುತ್ತಿದ್ದರು. ಸಂಬಳ ಎಷ್ಟೋ ಸಲ ಹಣವಾಗಿ ಬಾರದೆ ವರ್ತಕನ ಅಂಗಡಿಯ ಸಾಮಾನಾಗಿ ಬರುತ್ತಿತ್ತು. ಸೌಂದರ್ಯವನ್ನು ಮೆಚ್ಚುವವರು ಈ ಮಾತನ್ನು ಮರೆಯುವುದೇ ಹೆಚ್ಚು.

ಹೂಗಳಿಗಿಂತಲೂ ಅವುಗಳ ನಡುವಣ ಬಲೆಗೆ ಹೆಚ್ಚು ಕಾಲ ಹಿಡಿಯುತ್ತಿತ್ತು. ಬಲೆಯನ್ನು ಅಂಗಡಿಯ ಕಟ್ಟೆಯ ಮೇಲೆ ಹಾಸಿ, ಅದರ ಮೇಲೆ ಎಷ್ಟು ಶಿಲಿಂಗ್ ನಾಣ್ಯಗಳು ಹಿಡಿಸುವುವೋ ಅಷ್ಟೇ ಅದರ ಬೆಲೆಯೆಂದು ತೆರುತ್ತಿದ್ದರೆಂಬ ಹೇಳಿಕೆಯುಂಟು. ಈ ಬೆಲೆಗೆ ಕೊಡಲಿಯಿಟ್ಟವನು ಜಾನ್ ಹೀತ್‌ಕೋಟ್. ದಿಂಬಿನ ಬಲೆಯನ್ನೇ ಹೋಲುವ ಬಲೆಯನ್ನು ನೆಯ್ಯುವ ಯಂತ್ರಕ್ಕೆ ಅವನು 1809ರಲ್ಲಿ ಹಕ್ಕುಪತ್ರ ಪಡೆದನು. 1816ರಲ್ಲಿ ಲಫ್‌ಬರೋದಲ್ಲಿ ಯಂತ್ರದ್ವೇಷಿಗಳು ಅವನ ಕಾರ್ಖಾನೆಗೆ ನುಗ್ಗಿ 55 ಯಂತ್ರಗಳನ್ನು ಪುಡಿಗೈದರು. ಅವನು ಅಲ್ಲಿಂದ ಕಾಲ್ತೆಗೆದು ನೆಲೆಯೂರಿದ್ದು ಎಲ್ಲಿ? ಡೆವನ್‌ನ ಟಿವರ್ಟನ್‌ನಲ್ಲಿ, ಹಾನಿಟನ್ ಪಟ್ಟಣಕ್ಕೆ ಐದಾರು ಹರದಾರಿ ದೂರದಲ್ಲಿ! ಯಂತ್ರದ ಅಗ್ಗದ ಬಲೆಯೆದುರು ಕೈಬಲೆ ನಿಲ್ಲಲಿಲ್ಲ. ಹೆಂಗಸರಿಗೆ ಉಳಿದದ್ದು ಹೂವಿನ ಕೆಲಸ ಮಾತ್ರ. ಅದಕ್ಕೂ ಗಿರಾಕಿಗಳು ವಿರಳವಾದರು.

ಆ ದುರ್ದಿನಗಳಲ್ಲಿ ವಿಕ್ಟೋರಿಯಾಳ ವಿವಾಹ ಗೊತ್ತಾಯಿತು. ಶ್ರೀಮಂತ ವಧುಗಳು ಬ್ರಸೆಲ್ಸ್ ಲೇಸನ್ನು ಹಂಬಲಿಸುತ್ತಿದ್ದ ಕಾಲ. ರಾಣಿಯಾದರೋ ಸ್ವದೇಶದ ಲೇಸನ್ನೇ ಆರಿಸಿದಳು. ನಕ್ಷೆ ಬರೆದವನು ವಿಲಿಯಂ ಡೈಸ್ ಎಂಬ ಚಿತ್ರಕಾರ. ಕೆಲಸದ ಮೇಲ್ವಿಚಾರಣೆ ಜೇನ್ ಬಿಡ್ನಿಯದು. ಬೀರ್ ಮತ್ತು ಸುತ್ತಲಿನ ಊರುಗಳ 200ಕ್ಕೂ ಮಿಕ್ಕ ಹೆಂಗಸರು ಆ ಉಡುಪಿನ ಲೇಸಿಗಾಗಿ ತಿಂಗಳುಗಟ್ಟಲೆ ದುಡಿದರು. ಒಬ್ಬೊಬ್ಬರು ಒಂದೊಂದು ಹೂವನ್ನೋ ಎಲೆಯನ್ನೋ ಹೆಣೆದು ಕೊಟ್ಟರೆ, ಅವನ್ನೆಲ್ಲ ಜೋಡಿಸುವುದು ಬೇರೆ ಕೈಗಳ ಕೆಲಸ. ಸುಮಾರು ಒಂದೂವರೆ ಗಜ ಚಚ್ಚೌಕದ ಮುಸುಕಿನಲ್ಲಿ ಈ ಹೂಗಳನ್ನು ಹೊಲಿದು ಕೂಡಿಸಿದ್ದು ಯಂತ್ರದಲ್ಲಿ ನೆಯ್ದ ಬಲೆಯ ಮೇಲೆ. ತಮ್ಮ ಅನ್ನವನ್ನು ಕಿತ್ತುಕೊಂಡ ಬಲೆಯ ಮೇಲೆಯೇ ಆ ಹೆಂಗಸರ ಕೈಚಳಕ ಅರಮನೆಯನ್ನು ಹೊಕ್ಕಿತು. ಅಂಥದೇ ಇನ್ನೊಂದು ಹುಟ್ಟದಿರಲೆಂದು ನಕ್ಷೆಗಳನ್ನು ನಾಶಪಡಿಸಲಾಯಿತು.

ರಾಣಿ ಮುಖವನ್ನು ಮರೆಸಲಿಲ್ಲ. ಕಿತ್ತಳೆ ಹೂವಿನ ದಂಡೆಯ ಹಿಂದೆ ಮುಸುಕನ್ನು ಇಳಿಬಿಟ್ಟಿದ್ದಳು. ಮದುವೆಯ ದಿನಕ್ಕೇ ಅದರ ಬಾಳು ಮುಗಿಯಲಿಲ್ಲ. 1885ರಲ್ಲಿ ಕಿರಿಯ ಮಗಳು ಬಿಯಾಟ್ರಿಸ್ ಅದನ್ನೇ ಧರಿಸಿ ಮದುವೆಯಾದಳು. 1901ರಲ್ಲಿ ರಾಣಿ ತೀರಿಕೊಂಡಾಗ, ಅವಳ ಇಚ್ಛೆಯಂತೆ ಮುಸುಕು ಅವಳೊಡನೆಯೇ ಸಮಾಧಿಯನ್ನು ಸೇರಿತು.

ಅರಮನೆಯ ಮೆಚ್ಚುಗೆಯಿಂದ ಹಾನಿಟನ್ ಲೇಸಿಗೆ ಮರುಜೀವ ಬಂದದ್ದು ನಿಜ. ರಾಜಕುಮಾರಿಯರ ಮದುವೆಗಳಿಗೆ ಮತ್ತೆ ಮತ್ತೆ ಬೇಡಿಕೆ ಬಂದಿತು. ಆದರೆ ಹೂವನ್ನೂ ಯಂತ್ರವೇ ಹೆಣೆಯತೊಡಗಿದ ಮೇಲೆ ಒಬ್ಬ ರಾಣಿಯ ಅಭಿಮಾನ ಎಷ್ಟು ಮನೆಗಳ ಒಲೆಯನ್ನು ಉರಿಸೀತು? ಇಂದು ಡೆವನ್‌ನಲ್ಲಿ ದಿಂಬು ಹಿಡಿಯುವವರು ಹೆಚ್ಚಾಗಿ ಹವ್ಯಾಸಿಗಳು; ಹಳೆಯ ಮಾದರಿಗಳನ್ನು ಹಾನಿಟನ್‌ನ ಆಲ್‌ಹ್ಯಾಲೋಸ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಹೀತ್‌ಕೋಟನ ಕಾರ್ಖಾನೆ ಮಾತ್ರ ಟಿವರ್ಟನ್‌ನಲ್ಲಿ ಬಾಳಿತು. 2021ರಲ್ಲಿ ಮಂಗಳಗ್ರಹಕ್ಕಿಳಿದ ಅಮೆರಿಕೆಯ ನೌಕೆಯ ಗಾಳಿಕೊಡೆಗೆ ಬಟ್ಟೆ ಒದಗಿಸಿದ್ದು ಅದೇ.

ಹಾಗೆಂದು ಕೈಗಳಿಗೆ ಕರೆ ಬರುವುದು ಪೂರ್ತಿ ನಿಂತಿಲ್ಲ. 2011ರಲ್ಲಿ ರಾಜಕುಮಾರ ವಿಲಿಯಮ್ಮನ ವಧು ಕ್ಯಾಥರೀನ್‌ಳ ಮುಸುಕಿನ ಹೂಗಳನ್ನು ಲಂಡನ್ನಿನ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನವರು ಕೈಯಿಂದಲೇ ಹೊಲಿದರು. ದಾರವೂ ಲೇಸೂ ಮಾಸದಂತೆ ಅರ್ಧ ಗಂಟೆಗೊಮ್ಮೆ ಅವರು ಕೈ ತೊಳೆಯುತ್ತಿದ್ದರು. ಮೂರು ಗಂಟೆಗೊಮ್ಮೆ ಸೂಜಿಯನ್ನು ಬದಲಾಯಿಸುತ್ತಿದ್ದರು.