ಚಿಟ್ಟೆ ಹಾರದ ಊರಿನಲ್ಲಿ ರೇಷ್ಮೆ ಹುಳುವಿನ ಪಾಠ!

ರಾಮನಗರದ ನೂಲು ಬಿಚ್ಚುವ ಕೇರಿಗಳಿಗೆ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುವುದು ಗೂಡು ಬೇಯುವ ವಾಸನೆ. ಹೊಸಬರು ಕರವಸ್ತ್ರ ಹುಡುಕುತ್ತಾರೆ. ಊರಿನವರಿಗೆ ಅದು ಅನ್ನದ ವಾಸನೆ. ಆದರೆ ಆ ಬಿಸಿ ನೀರಿನಲ್ಲಿ ಉರುಳುವ ಒಂದೊಂದು ಗೂಡಿನೊಳಗೂ ಒಂದೊಂದು ಜೀವ ಇತ್ತು ಎಂಬುದು ಎಷ್ಟು ಜನರ ನೆನಪಿಗೆ ಬರುತ್ತೆ?

ಸಣ್ಣ ಜೀವಿಗಳನ್ನು ನೋಡಿ ಬುದ್ಧಿ ಕಲಿಯಿರಿ ಎಂದು ಕ್ರೈಸ್ತರಿಗೆ ಅವರ ಬೈಬಲ್ಲೇ ಹೇಳುತ್ತದೆ. ಜ್ಞಾನೋಕ್ತಿಗಳ 6ನೇ ಅಧ್ಯಾಯದಲ್ಲಿ ಸೋಮಾರಿಗೆ ಇರುವೆಯೇ ಮೇಷ್ಟ್ರು. 30ನೇ ಅಧ್ಯಾಯದಲ್ಲಿ ನಾಲ್ವರು ಪುಟ್ಟ ಗುರುಗಳು: ಇರುವೆ, ಬಂಡೆಯ ಸಂದಿನಲ್ಲಿ ಬಾಳುವ ಒಂದು ಸಣ್ಣ ಪ್ರಾಣಿ, ಮಿಡತೆ ಮತ್ತು ಹಲ್ಲಿ. (ಹಲ್ಲಿಯನ್ನು ಕೆಲವು ಅನುವಾದಗಳು ಜೇಡ ಅನ್ನುತ್ತವೆ.)

ಸರಿ, ಈ ಉಪದೇಶವನ್ನು ನಮ್ಮ ಸೀಮೆಯ ಹುಳುಮನೆಗೆ ತಂದು ನೋಡಿದರೆ ಹೇಗೆ?

ಇರುವೆಗೆ ಪ್ರವೇಶವಿಲ್ಲ!

ಕನಕಪುರ ತಾಲ್ಲೂಕಿನಲ್ಲಿ ಕ್ರೈಸ್ತರೇ ಹೆಚ್ಚಾಗಿರುವ ಹಾರೋಬೆಲೆಯಂಥ ಊರುಗಳುಂಟು. ಹಿಪ್ಪುನೇರಳೆ ತಾಲ್ಲೂಕಿಗೆಲ್ಲ ಹಳೇ ನಂಟು. ಇಲ್ಲಿನ ಯಾವ ಹುಳುಮನೆಗೆ ಹೋದರೂ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಡುವುದು ವಾಡಿಕೆ. ಯಾಕೆ? ಇರುವೆ ಹತ್ತದಿರಲಿ ಅಂತ! ಕಣ್ಣು ತಪ್ಪಿದರೆ ಮೇಷ್ಟ್ರು ಹುಳುವನ್ನೇ ಹೊತ್ತೊಯ್ಯುತ್ತಾರೆ. ಹಲ್ಲಿಯೂ ಹುಳು ತಿನ್ನುತ್ತೆ, ಮಿಡತೆ ಸೊಪ್ಪು ತಿನ್ನುತ್ತೆ. ಗ್ರಂಥದ ನಾಲ್ವರು ಗುರುಗಳಲ್ಲಿ ಮೂವರಿಗೆ ಇಲ್ಲಿ ಬಹಿಷ್ಕಾರ!

ಸಾಲದ್ದಕ್ಕೆ ಊಜಿ ನೊಣ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಇದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತೆ. ಮರಿ ಒಳಗಿನಿಂದ ತಿಂದು ಮುಗಿಸುತ್ತೆ. ಅದನ್ನು ಹತೋಟಿಗೆ ತರಲು ವಿಜ್ಞಾನಿಗಳು ತಂದದ್ದು ಇನ್ನೂ ಸಣ್ಣದೊಂದು ಕಣಜ. ಸಣ್ಣದೆಲ್ಲ ಸಾಧುವಲ್ಲ, ಸಣ್ಣದೆಲ್ಲ ದುಷ್ಟವೂ ಅಲ್ಲ. ಇದೇ ಮೊದಲ ಪಾಠ.

ಜ್ವರದ ಉಪವಾಸ

ಎರಡನೇ ಪಾಠ ಹುಳುವಿನದೇ. ಸುಮಾರು 25 ದಿನದ ಬಾಳಿನಲ್ಲಿ ಅದು ನಾಲ್ಕು ಸಲ ಚರ್ಮ ಬಿಡುತ್ತದೆ. ರೈತರು ಅದಕ್ಕೆ ‘ಜ್ವರ’ ಅಂತಾರೆ. ಆಗ ಹುಳು ಸೊಪ್ಪು ಮುಟ್ಟದು. ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಪ್ರಾರ್ಥನೆಗೆ ನಿಂತಂತೆ. ಅನುಭವಸ್ಥರು ಆಗ ಸುಣ್ಣದ ಪುಡಿ ಚೆಲ್ಲಿ ಹಾಸಿಗೆ ಒಣಗಿಸಿ, ತಮ್ಮ ಪಾಡಿಗೆ ಬಿಡುತ್ತಾರೆ. ಅವಸರಪಟ್ಟು ಮುಟ್ಟಿದರೆ ಬೆಳೆ ಕೆಟ್ಟಂತೆಯೇ. ಈಸ್ಟರ್‌ಗೆ ಮುಂಚೆ 40 ದಿನ ತಪಸ್ಸುಕಾಲ ಆಚರಿಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಳೆಯ ಚರ್ಮ ಬಿಡದೆ ಬೆಳವಣಿಗೆ ಇಲ್ಲ!

ಸಂತಳು ಕೇಳಿದ್ದು, ರೈತ ಕಂಡದ್ದು

ಸ್ಪೇನ್ ದೇಶದ ಆವಿಲಾ ಊರಿನ ಸಂತ ತೆರೇಸಾ 1577ರಲ್ಲಿ ಬರೆದ ಪುಸ್ತಕದಲ್ಲಿ ಇದೇ ಹುಳುವನ್ನು ಆತ್ಮಕ್ಕೆ ಹೋಲಿಸಿದ್ದಾಳೆ. ಹುಳು ತನ್ನ ಮನೆ ತಾನೇ ಕಟ್ಟಿ ಅದರೊಳಗೆ ಸಾಯುತ್ತದೆ, ಬಿಳಿ ಚಿಟ್ಟೆಯಾಗಿ ಹೊರಬರುತ್ತದೆ; ಮನುಷ್ಯನೂ ‘ನಾನು’ ಎಂಬುದನ್ನು ಹಾಗೆಯೇ ಸಾಯಿಸಬೇಕು ಎಂಬುದು ಆಕೆಯ ಮಾತಿನ ಸಾರ. ಸ್ವಾರಸ್ಯವೆಂದರೆ, ಇದನ್ನು ತಾನು ಕಣ್ಣಾರೆ ಕಂಡಿಲ್ಲ, ಕೇಳಿ ಬಲ್ಲೆ ಅಷ್ಟೆ ಎಂದು ಆಕೆಯೇ ಒಪ್ಪಿಕೊಂಡಿದ್ದಾಳೆ!

ನಮ್ಮವರು ಕಣ್ಣಾರೆ ಕಂಡವರು. ಆದ್ದರಿಂದ ಅವರ ಮುಂದಿರುವ ಪ್ರಶ್ನೆ ಕಷ್ಟದ್ದು. ಹಣ್ಣಾದ ಹುಳು ಚಂದ್ರಂಕಿಗೇರಿ ಎರಡು ಮೂರು ದಿನ ತಲೆಯಾಡಿಸುತ್ತಾ ಗೂಡು ಕಟ್ಟುತ್ತದೆ. ಒಳ್ಳೇ ದ್ವಿತಳಿ ಗೂಡಾದರೆ ಎಳೆ ಸಾವಿರ ಮೀಟರಿನ ಆಸುಪಾಸು. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಬಿಸಿ ನೀರಿಗೆ. ಚಿಟ್ಟೆ ಹೊರಬಂದರೆ ಎಳೆ ಹಾಳು, ಅದಕ್ಕೇ ಬಿಡುವುದಿಲ್ಲ. ಸಂತಳ ಕಥೆಯ ಕೊನೆಯ ಅಧ್ಯಾಯ ರಾಮನಗರದಲ್ಲಿ ನಡೆಯುವುದೇ ಇಲ್ಲ!

ಹಾಗಾದರೆ ಉಪದೇಶ ಸುಳ್ಳೇ?

ಮಾಗಡಿಯ ಉತ್ತರ

ಮಾಗಡಿ ಕಡೆ ನೋಡಬೇಕು. ಮಾಗಡಿ-ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರುವಾಸಿ. ಬಿತ್ತನೆ ಗೂಡನ್ನು ಬೇಯಿಸುವುದಿಲ್ಲ. ಚಿಟ್ಟೆ ಎಳೆ ತೂತು ಮಾಡಿಕೊಂಡು ಹೊರಬರುತ್ತದೆ. ಆದರೆ ಅದು ಹಾರದು, ತಿನ್ನದು. ನೂರಾರು ಮೊಟ್ಟೆ ಇಟ್ಟು ಕೆಲವೇ ದಿನಕ್ಕೆ ಸಾಯುತ್ತದೆ. ಅದರ ಬದುಕೆಲ್ಲ ಮುಂದಿನವರಿಗೆ. ನೆಲಕ್ಕೆ ಬಿದ್ದು ಸತ್ತ ಕಾಳೇ ಫಲ ಕೊಡುವುದೆಂದು ಯೇಸು ಹೇಳಿದ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಇನ್ನು ಚನ್ನಪಟ್ಟಣ. ತೂತಾದ ಗೂಡು, ಹರಿದ ಎಳೆ, ಸಿಕ್ಕುಬಿದ್ದ ಕಸ, ಇವನ್ನೇ ನೂಲಾಗಿಸಲು ಅಲ್ಲಿ ಹಿಂದೆಯೇ ಸ್ಪನ್ ಸಿಲ್ಕ್ ಮಿಲ್ ಕಟ್ಟಿದ್ದರು. ಐದು ಸಾವಿರ ಜನರಿಗೆ ಊಟವಿಟ್ಟ ಯೇಸು, ಉಳಿದ ತುಂಡುಗಳನ್ನೂ ಹಾಳುಮಾಡದೆ ಕೂಡಿಸಿ ಎಂದದ್ದು ಬೈಬಲ್ ಓದುವವರಿಗೆ ನೆನಪಾದೀತು.

ಹುಳುವಿಗೂ ಕ್ರೈಸ್ತರಿಗೂ ನಂಟು ಹೊಸದಲ್ಲ. ಸುಮಾರು 552ರಲ್ಲಿ ಪೂರ್ವದೇಶದಿಂದ ರೇಷ್ಮೆ ಮೊಟ್ಟೆಯನ್ನು ಗುಟ್ಟಾಗಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ರಾಜಧಾನಿಗೆ ತಲುಪಿಸಿದವರು ಸನ್ಯಾಸಿಗಳು. ಟೊಳ್ಳು ಕೋಲಿನಲ್ಲಿ ಬಚ್ಚಿಟ್ಟು ತಂದರೆಂದು ಪ್ರತೀತಿ. ನಮ್ಮಲ್ಲೂ ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ಫಾರಂ ಮುಂದೆ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ಕೈಗೆ ಬಂದಿತ್ತು.

ಕೊನೆಗೆ ಒಂದು ಮಾತು. ಬಿಸಿ ನೀರಿಗೆ ಬಿದ್ದ ಹುಳು ತಾನಾಗಿ ತ್ಯಾಗ ಮಾಡಿದ್ದಲ್ಲ, ನಾವು ಮಾಡಿಸಿದ್ದು. ಅದಕ್ಕೆ ಪುಣ್ಯದ ಬಣ್ಣ ಬಳಿದು ಉಪದೇಶ ಮಾಡುವುದು ಸುಲಭ. ಮಧ್ಯರಾತ್ರಿ ಎದ್ದು ಸೊಪ್ಪು ಹಾಕುವ, ಬೆಲೆ ಬಿದ್ದರೂ ಮತ್ತೆ ಚಾಕಿ ತರುವ ರೈತನಿಗೆ ಹಾಗೆ ಹೇಳುವ ಮನಸ್ಸಾಗದು. ಒಂದು ಸೀರೆಗೆ ಸಾವಿರಾರು ಜೀವ ಎಂಬ ಲೆಕ್ಕ ಅವನಿಗೆ ಗೊತ್ತು. ಒಂದು ಗುಬ್ಬಿ ಬಿದ್ದರೂ ದೇವರ ಗಮನಕ್ಕೆ ಬರುತ್ತದೆಂದು ನಂಬುವವರು ಹುಳುವಿನ ಲೆಕ್ಕವನ್ನೂ ಮರೆಯುವಂತಿಲ್ಲ. ಎಳೆ ಹಾಳು ಮಾಡದೆ, ಜೀವ ಹಗುರ ಮಾಡದೆ ದುಡಿಯುವುದು, ಅಷ್ಟೇ ಪಾಠ.

ಮುಂದಿನ ಸಲ ಆ ವಾಸನೆ ಮೂಗಿಗೆ ಬಡಿದಾಗ ಕರವಸ್ತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಹುಳುವನ್ನೂ ಒಮ್ಮೆ ನೆನೆಯಿರಿ!