ಭತ್ತದ ಎಲೆಯಿಂದ ಜಾರುವ ಹನಿ

ಭತ್ತದ ಎಲೆಗೆ ಬರೀ ನೀರು ಚಿಮುಕಿಸಿದರೆ ನಿಲ್ಲುವುದಿಲ್ಲ. ಗುಂಡಗೆ ಮಣಿಯಾಗಿ ಉರುಳಿ ಕೆಸರಿಗೆ ಬೀಳುತ್ತದೆ. ಶಹಾಪುರ, ಸುರಪುರದ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಎಣ್ಣಿ (ಕೀಟನಾಶಕ) ಹೊಡೆಯುವವರಿಗೆ ಇದು ದುಡ್ಡಿನ ಲುಕ್ಸಾನು. ಹತ್ತಿಕುಣಿ ಕಡೆಯ ಹತ್ತಿ ಎಲೆ ಇಷ್ಟು ಹಟ ಮಾಡುವುದಿಲ್ಲ. ಭತ್ತದ್ದು ಮೇಣ ಹೊದ್ದ ಎಲೆ.

ಹನಿಯೊಳಗಿನ ನೀರಿನ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಯಿಂದ ಎಳೆಯುತ್ತವೆ. ಮೇಲ್ಮೈಯಲ್ಲಿರುವುದಕ್ಕೆ ಹೊರಗಡೆ ಜೊತೆಗಾರರಿಲ್ಲ, ಎಳೆತವೆಲ್ಲ ಒಳಕ್ಕೇ. ಹಾಗಾಗಿ ಹನಿ ಮೈ ಮುದುರಿ ಗುಂಡಗಾಗುತ್ತದೆ. ಇದೇ ಮೇಲ್ಮೈ ಕರ್ಷಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಮೀಟರಿಗೆ ಸುಮಾರು 72 ಮಿಲಿನ್ಯೂಟನ್.

ಬೇವಿನ ಬೀಜದ ಕಷಾಯ ಮಾಡುವವರು ಲೀಟರಿಗೆ 50 ಗ್ರಾಂ ಬೀಜದ ಪುಡಿ ನೆನೆಸಿ, ಸೋಸಿ, ಕೊನೆಗೆ ಚಿಟಿಕೆ ಸಾಬೂನು ಪುಡಿ ಹಾಕುತ್ತಾರೆ. ಕೀಟಕ್ಕೆ ಮದ್ದು ಬೇವು. ಸಾಬೂನಿನ ಕೆಲಸವೇ ಬೇರೆ. ಅದರ ಅಣುವಿನ ತಲೆಗೆ ನೀರು ಬೇಕು, ಎಣ್ಣೆಯಂಥ ಬಾಲಕ್ಕೆ ಬೇಡ. ಇಬ್ಬರಿಗೂ ಒಪ್ಪುವ ಜಾಗ ಮೇಲ್ಮೈಯೇ. ಅಣುಗಳು ಅಲ್ಲಿಗೆ ಬಂದು ಸಾಲುಗಟ್ಟುವುದನ್ನು ಅಧಿಶೋಷಣೆ ಎನ್ನುತ್ತಾರೆ. ಒಂದೇ ಅಣು ದಪ್ಪದ ಆ ಪದರ ಕರ್ಷಣವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ, ಹನಿ ಚಪ್ಪಟೆಯಾಗಿ ಎಲೆಗೆ ಹರಡುತ್ತದೆ.

ಇಂಥ ಪದರವನ್ನು ಮೊದಲು ಅಳೆದವರಲ್ಲಿ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಒಬ್ಬರು. ಕಾಲೇಜಿನ ಮೆಟ್ಟಿಲು ಹತ್ತದ ಆಕೆ ಮನೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡು, ಪಟ್ಟಿ ಸರಿಸಿ ನೀರಿನ ಮೇಲಿನ ಜಿಡ್ಡನ್ನು ಒತ್ತಿ ನೋಡಿದರು. 1891ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಬರೆದ ಪತ್ರ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಮಾದರಿಯ ತೊಟ್ಟಿಯನ್ನು ಸುಧಾರಿಸಿ ಬಳಸಿದ ಅಮೆರಿಕದ ಲ್ಯಾಂಗ್‌ಮ್ಯೂರ್‌ಗೆ ಮೇಲ್ಮೈ ರಸಾಯನದ ಕೆಲಸಕ್ಕಾಗಿ 1932ರಲ್ಲಿ ನೊಬೆಲ್ ಬಂತು. ತೊಟ್ಟಿಗೆ ಮಾತ್ರ ಇವತ್ತಿಗೂ ಲ್ಯಾಂಗ್‌ಮ್ಯೂರ್ ಹೆಸರೇ!

ಸಾಬೂನು ಜಾಸ್ತಿ ಸುರಿದರೆ ಇನ್ನೂ ಚೆನ್ನಾಗಿ ಅಂಟೀತೆ? ಇಲ್ಲ. ಮೇಲ್ಮೈ ತುಂಬಿದ ಮೇಲೆ ಉಳಿದ ಅಣುಗಳು ನೀರೊಳಗೇ ಗುಂಪುಗೂಡುತ್ತವೆ, ಕರ್ಷಣ ಮತ್ತೆ ಇಳಿಯುವುದಿಲ್ಲ. ದ್ರಾವಣ ಎಲೆಯಿಂದ ಸೋರಿಹೋದೀತು, ಎಲೆ ಸುಟ್ಟೂ ಹೋದೀತು.

ಸಮಯದ ಲೆಕ್ಕವೂ ಇದೆ. ಎಲೆಗೆ ಬಡಿದ ಹನಿ ಕ್ಷಣದೊಳಗೆ ಅಗಲವಾಗಿ ಹೊಸ ಮೇಲ್ಮೈ ತೆರೆಯುತ್ತದೆ. ಅಷ್ಟರಲ್ಲಿ ಅಣುಗಳು ಅಲ್ಲಿಗೆ ತಲುಪದಿದ್ದರೆ ಪುಟಿದು ಬೀಳುತ್ತದೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಬಾರ್ ಸಾಬೂನನ್ನು ಬಿಳಿ ಗಸಿಯಾಗಿಸುತ್ತದೆ. ಮೇಲ್ಮೈಗೆ ಹೋಗಲು ಅಣುಗಳೇ ಉಳಿಯುವುದಿಲ್ಲ, ಜೊತೆಗೆ ಪಂಪಿನ ನಾಜಲ್ಲೂ ಕಟ್ಟುತ್ತದೆ. ಅಂಥ ನೀರಿಗೆ ವಿದ್ಯುದಾವೇಶವಿಲ್ಲದ ಅಣುಗಳ ಸ್ಪ್ರೆಡರ್ ದ್ರವವೇ ವಾಸಿ; ಕ್ಯಾಲ್ಸಿಯಂಗೆ ಅದನ್ನು ಹಿಡಿಯಲು ಆಗುವುದಿಲ್ಲ.