ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳು: ಲಕ್ಷಣ ಮತ್ತು ಉಪಾಸನೆ

ಹೊಯ್ಸಳ ದೇವಾಲಯಗಳ ಭಿತ್ತಿಗಳಲ್ಲಿ ನಿಂತಿರುವ ಚತುರ್ಭುಜ ವಿಷ್ಣುಮೂರ್ತಿಗಳು ಮೊದಲ ನೋಟಕ್ಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುತ್ತವೆ. ಕಿರೀಟ, ನಿಲುವು, ಆಭರಣಗಳಲ್ಲಿ ಹೆಚ್ಚಿನ ಭೇದವಿಲ್ಲ. ಆದರೂ ಒಂದನ್ನು ಕೇಶವನೆಂದೂ ಮತ್ತೊಂದನ್ನು ಅಚ್ಯುತನೆಂದೂ ಕರೆಯುವುದುಂಟು. ಈ ಭೇದಕ್ಕೆ ಆಧಾರವೇನು, ಅದನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಶಂಖ, ಚಕ್ರ, ಗದೆ, ಪದ್ಮಗಳೆಂಬ ನಾಲ್ಕು ಲಾಂಛನಗಳನ್ನು ನಾಲ್ಕು ಕೈಗಳಲ್ಲಿ ಇಪ್ಪತ್ತನಾಲ್ಕು ವಿಧವಾಗಿ ಇರಿಸಬಹುದು. ಒಂದೊಂದು ವಿಧಕ್ಕೆ ಒಂದೊಂದು ನಾಮ. ಎಣಿಕೆಯು ಮೂರ್ತಿಯ ಕೆಳಗಿನ ಬಲಗೈಯಿಂದ ಆರಂಭವಾಗಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ ಎಂಬ ಪ್ರದಕ್ಷಿಣಕ್ರಮದಲ್ಲಿ ನಡೆಯತಕ್ಕದ್ದು. ಅಗ್ನಿಪುರಾಣದ ಪ್ರಕಾರ ಪದ್ಮ, ಶಂಖ, ಚಕ್ರ, ಗದೆ ಎಂಬ ಕ್ರಮವಿದ್ದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಎಂದಿದ್ದರೆ ನಾರಾಯಣ.

ಭಗ್ನಶಿಲ್ಪಗಳ ಅಭ್ಯಾಸದಲ್ಲಿ ಈ ನಿಯಮದಿಂದ ವಿಶೇಷ ಪ್ರಯೋಜನವುಂಟು. ಒಂದು ಕೈ ಮುರಿದಿದ್ದರೆ ಉಳಿದ ಮೂರರಿಂದ ನಾಲ್ಕನೆಯ ಲಾಂಛನವು ತಾನಾಗಿ ನಿಶ್ಚಿತವಾಗುತ್ತದೆ. ಎರಡು ಕೈಗಳು ನಷ್ಟವಾಗಿದ್ದರೆ ಎರಡು ನಾಮಗಳು ಸಾಧ್ಯ. ಮೂರು ನಷ್ಟವಾಗಿದ್ದರೆ ಆರು. ಅಂತಹ ಸಂದರ್ಭದಲ್ಲಿ ಒಂದೇ ನಾಮವನ್ನು ನಿರ್ಧರಿಸಿ ಹೇಳುವುದು ಶಾಸ್ತ್ರವಲ್ಲ, ಊಹೆ.

ಈ ನಾಮಗಳು ಶಿಲ್ಪಿಗಳಿಗಷ್ಟೇ ಸೇರಿದವುಗಳಲ್ಲ. ಕೇಶವನಿಂದ ಕೃಷ್ಣನವರೆಗಿನ ಇಪ್ಪತ್ತನಾಲ್ಕು ನಾಮಗಳನ್ನು ಸಂಧ್ಯಾವಂದನೆಯ ಆಚಮನದಲ್ಲಿ ಉಚ್ಚರಿಸುತ್ತಾರೆ. ಮೊದಲ ಹನ್ನೆರಡು ನಾಮಗಳಿಗೆ ಮಾಸಗಳೊಡನೆ ಸಂಬಂಧವುಂಟು. ಮಾರ್ಗಶಿರಕ್ಕೆ ಕೇಶವನೂ ಕಾರ್ತಿಕಕ್ಕೆ ದಾಮೋದರನೂ ಅಧಿಪತಿಗಳು. ವೈಷ್ಣವರು ದೇಹದ ಹನ್ನೆರಡು ಸ್ಥಾನಗಳಲ್ಲಿ ಊರ್ಧ್ವಪುಂಡ್ರವನ್ನು ಧರಿಸುವಾಗ ಸ್ಮರಿಸುವುದೂ ಇವನ್ನೇ. ಪಾಂಚರಾತ್ರದ ವಾಸುದೇವಾದಿ ನಾಲ್ಕು ವ್ಯೂಹಗಳೂ ಈ ಪಟ್ಟಿಯಲ್ಲಿ ಅಡಕವಾಗಿವೆ.

ದೇವಾಲಯಗಳತ್ತ ದೃಷ್ಟಿ ಹರಿಸಿದರೆ, ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಿಸಿದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಮೂರನೆಯ ನರಸಿಂಹನ ಕಾಲದಲ್ಲಿ, 1258ರಲ್ಲಿ, ಸೋಮನಾಥ ದಂಡನಾಯಕನು ಸೋಮನಾಥಪುರದಲ್ಲಿ ಕಟ್ಟಿಸಿದ ತ್ರಿಕೂಟದಲ್ಲಿ ಕೇಶವ, ಜನಾರ್ದನ, ವೇಣುಗೋಪಾಲರ ಗರ್ಭಗೃಹಗಳಿವೆ. ಇವರಲ್ಲಿ ಮೊದಲ ಇಬ್ಬರು ಮೇಲಣ ಪಟ್ಟಿಗೆ ಸೇರಿದವರು. ಕೊಳಲು ಹಿಡಿದ ವೇಣುಗೋಪಾಲನು ಅದರ ಹೊರಗಿನವನು. ಅಲ್ಲಿಯ ಮೂಲ ಕೇಶವಮೂರ್ತಿ ಈಗ ಇಲ್ಲ, ನಿತ್ಯಪೂಜೆಯೂ ನಡೆಯುವುದಿಲ್ಲ. ಹಳೇಬೀಡಿನೊಡನೆ ಈ ಎರಡು ಕ್ಷೇತ್ರಗಳೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದರಿಂದ ಮೂರ್ತಿಗಳ ನಾಮನಿರ್ದೇಶದ ಹೊಣೆ ಮತ್ತಷ್ಟು ಹೆಚ್ಚಿದೆ.

ಇಲ್ಲಿ ಅಭ್ಯಾಸಿಗಳು ಒಂದು ತೊಡಕನ್ನು ಮರೆಯಬಾರದು. ಲಾಂಛನಕ್ರಮದ ವಿಷಯದಲ್ಲಿ ಗ್ರಂಥಗಳೆಲ್ಲ ಏಕಮತವಾಗಿಲ್ಲ. ಪದ್ಮಪುರಾಣಕ್ಕೂ ರೂಪಮಂಡನಕ್ಕೂ ಕೆಲವು ಮೂರ್ತಿಗಳ ಬಗೆಗೆ ಭೇದವುಂಟು. ಟಿ. ಎ. ಗೋಪಿನಾಥ ರಾವ್ ಅವರು 1914ರಲ್ಲಿ ಪ್ರಕಟಿಸಿದ ಪ್ರತಿಮಾಶಾಸ್ತ್ರ ಗ್ರಂಥದ ಮೂಲಕ ಈ ಪಟ್ಟಿಗಳು ವಿದ್ವಾಂಸರಿಗೆ ಸುಪರಿಚಿತವಾದವು. ಆದರೆ ರೂಪಮಂಡನವು ಹದಿನೈದನೆಯ ಶತಮಾನದಲ್ಲಿ ಮೇವಾಡದ ಸೂತ್ರಧಾರ ಮಂಡನನು ರಚಿಸಿದ ಕೃತಿ. ಅದಕ್ಕಿಂತ ಮುಂಚೆಯೇ ಕನ್ನಡನಾಡಿನಲ್ಲಿ ಕಡೆದ ವಿಗ್ರಹಗಳನ್ನು ಅದೊಂದರಿಂದಲೇ ಅಳೆದು, ಹೊಂದದಿದ್ದರೆ ಶಿಲ್ಪಿ ತಪ್ಪಿದನೆನ್ನುವುದು ನ್ಯಾಯವಲ್ಲ. ಪೀಠದ ಲೇಖವಿದ್ದರೆ ಅದು ಮೊದಲ ಪ್ರಮಾಣ. ಸ್ಥಳದ ಶಾಸನ ಎರಡನೆಯದು. ಗ್ರಂಥದ ಪಟ್ಟಿ ಅನಂತರದ್ದು. ಯಾವ ಗ್ರಂಥವನ್ನು ಅನುಸರಿಸಿ ಹೆಸರಿಟ್ಟೆವೆಂಬುದನ್ನು ಬರೆದಿಡುವುದೂ ಅವಶ್ಯ. ಹಾಗೆ ಮಾಡಿದಲ್ಲಿ ಮುಂದೆ ಬರುವವರು ನಮ್ಮ ನಿರ್ಣಯವನ್ನು ಪರೀಕ್ಷಿಸಿ ತಿದ್ದಲು ಅವಕಾಶವಾಗುತ್ತದೆ.